ರೇಸಿಗೆ ಮುಂಚೆ ಮಾಲೀಶೋ, ಸ್ಟ್ರೆಚಿಂಗೋ? ಯಾವುದು, ಯಾವ ದಿನ

ಶುಕ್ರವಾರ ಸಂಜೆ ಏಳು ಗಂಟೆ. ಭಾನುವಾರ ಬೆಳಿಗ್ಗೆ ನನ್ನ 10 ಕಿಲೋಮೀಟರ್ ರೇಸ್. ಎರಡು ತಿಂಗಳು ಲಾಲ್‌ಬಾಗಿನಲ್ಲಿ ಓಡಿ ಓಡಿ ಮೀನಖಂಡ ಕಲ್ಲಾಗಿತ್ತು. ಒಂದು ಸಲ ಚೆನ್ನಾಗಿ ಮಾಲೀಶು ಮಾಡಿಸಿಕೊಂಡರೆ ಕಾಲು ಹಗುರಾಗುತ್ತೆ ಅಂತ ಮನೆ ಹತ್ತಿರದ ಒಂದು ಮಸಾಜ್ ಸೆಂಟರಿಗೆ ಹೋದೆ. ಬೋರ್ಡಿನಲ್ಲಿ 'ಡೀಪ್ ಟಿಶ್ಯೂ' ಅಂತ ಬರೆದಿತ್ತು. ಹೆಸರೇ ಭಾರಿ ಅನ್ನಿಸಿ ಅದನ್ನೇ ಕೇಳಿದೆ. ಆತ ಮೊಣಕೈಯನ್ನು ಮೀನಖಂಡದ ಮೇಲೆ ಊರಿ, ಹಿಮ್ಮಡಿಯಿಂದ ಮಂಡಿಯವರೆಗೆ ಉಜ್ಜಿಕೊಂಡು ಹೋದ. ಕಣ್ಣಲ್ಲಿ ನೀರು ಬಂತು. "ನೋವಾಯ್ತಾ ಸಾರ್?" ಅಂತ ಪಾಪ ಕೇಳಿದ. "ಪರವಾಗಿಲ್ಲ, ಇನ್ನೂ ಜೋರಾಗಿ ಒತ್ತಿ" ಅಂದವನು ನಾನೇ.

ಶನಿವಾರ ಎದ್ದಾಗ ಕಾಲಿಗೆ ಯಾರೋ ದೊಣ್ಣೆಯಲ್ಲಿ ಬಾರಿಸಿದ ಹಾಗಿತ್ತು. ಮೆಟ್ಟಿಲು ಇಳಿಯಲು ಗೋಡೆ ಹಿಡಿದುಕೊಂಡೆ. ಭಾನುವಾರ ಆರನೇ ಕಿಲೋಮೀಟರಿಗೇ ಎಡ ಮೀನಖಂಡ ಬಿಗಿದುಕೊಂಡಿತು. ನಡೆದು, ಕುಂಟಿ, 1 ಗಂಟೆ 9 ನಿಮಿಷಕ್ಕೆ ಮುಗಿಸಿದೆ. ಎರಡು ವಾರ ಮುಂಚೆ ಅಭ್ಯಾಸದಲ್ಲೇ 58 ನಿಮಿಷಕ್ಕೆ ಓಡಿದ್ದೆ.

ಅದೇ ಮಾಲೀಶು ಹತ್ತು ದಿನ ಮೊದಲು ಮಾಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ಓಟಗಾರರ ಗುಂಪಿನಲ್ಲಿ "ಮಸಾಜ್ ಒಳ್ಳೇದಾ, ಸ್ಟ್ರೆಚಿಂಗ್ ಒಳ್ಳೇದಾ, ಫೋಮ್ ರೋಲರ್ (ಕಾಲಡಿ ಇಟ್ಟು ಉರುಳಿಸುವ ಗಟ್ಟಿ ಸ್ಪಂಜಿನ ಉರುಳೆ) ತಗೊಳ್ಳಲಾ" ಅಂತ ಯಾರಾದರೂ ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ: ರೇಸಿಗೆ ಇನ್ನು ಎಷ್ಟು ದಿನ ಇದೆ? ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇರುತ್ತೆ.

ಈ ನೋವು ಎಲ್ಲಿಂದ ಬರುತ್ತೆ

ಮೊದಲು ಒಂದು ಹಳೇ ನಂಬಿಕೆಯನ್ನು ಪಕ್ಕಕ್ಕಿಡೋಣ. "ಕಾಲಲ್ಲಿ ಲ್ಯಾಕ್ಟಿಕ್ ಆಸಿಡ್ ಕೂತಿದೆ, ಮಸಾಜ್ ಮಾಡಿ ಹೊರಗೆ ಹಾಕಬೇಕು" ಅನ್ನುತ್ತಾರಲ್ಲ, ಅದು. ಜೋರಾಗಿ ಓಡಿದಾಗ ರಕ್ತದಲ್ಲಿ ಲ್ಯಾಕ್ಟೇಟ್ ಏರುವುದು ನಿಜ. ಆದರೆ ಓಟ ನಿಲ್ಲಿಸಿ ಸುಮಾರು ಒಂದು ಗಂಟೆಯೊಳಗೆ ಅದು ತಾನಾಗೇ ಮೊದಲಿನ ಮಟ್ಟಕ್ಕೆ ಇಳಿಯುತ್ತೆ. ನೀವು ಮನೆಗೆ ಬಂದು ಸ್ನಾನ ಮಾಡಿ ದೋಸೆ ತಿನ್ನುವ ಹೊತ್ತಿಗೆ ಹೊರಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಮಾರನೇ ದಿನ, ಮೂರನೇ ದಿನ ಕಾಡುವ ನೋವು ಬೇರೆ. ಮೈಸೂರಿನವರಿಗೆ ಇದನ್ನು ಹೇಳುವುದು ಸುಲಭ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತೆ, ಬೆವರು ಕಿತ್ತು ಬರುತ್ತೆ. ಹತ್ತಿ, ಬಸ್ಸಿನಲ್ಲಿ ಇಳಿದು ಬಂದವರಿಗೆ ಮಾರನೇ ದಿನ ಅಷ್ಟೇನೂ ನೋವಿರಲ್ಲ. ಮೆಟ್ಟಿಲಲ್ಲೇ ಇಳಿದವರು ಮಾತ್ರ ಎರಡು ದಿನ ತೊಡೆ ಹಿಡಿದುಕೊಂಡು ಓಡಾಡುತ್ತಾರೆ. ಇಳಿಯುವಾಗ ತೊಡೆಯ ಸ್ನಾಯು ಬ್ರೇಕ್ ಹಾಕುತ್ತಾ ಹಾಕುತ್ತಾ ಉದ್ದವಾಗುತ್ತೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಆಗ ಸಣ್ಣ ಸಣ್ಣ ಪೆಟ್ಟು ಬೀಳುತ್ತೆ. ಓಟದಲ್ಲಿ ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗಲೂ ಇದೇ ಕೆಲಸ ನಡೆಯುತ್ತಿರುತ್ತೆ. ನೋವು ಜಾಸ್ತಿಯಾಗುವುದು 24ರಿಂದ 72 ಗಂಟೆಯ ನಡುವೆ. ಜೋರು ಮಾಲೀಶು ಕೂಡ ಇದೇ ಥರದ ಪೆಟ್ಟು ಕೊಡಬಲ್ಲದು. ನನ್ನ ಶುಕ್ರವಾರದ ಮೊಣಕೈ ಭಾನುವಾರ ಬೆಳಿಗ್ಗೆ ಯಾಕೆ ಕಾಡಿತು ಅನ್ನುವುದಕ್ಕೆ ಗಂಟೆಗಳ ಲೆಕ್ಕ ಹಾಕಿದರೆ ಸಾಕು.

ಓಡುವ ಮುಂಚೆ: ಹಿಡಿದು ನಿಲ್ಲುವುದೋ, ಕಾಲು ಆಡಿಸುವುದೋ

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋದರೆ ಈ ದೃಶ್ಯ ಕಾಣುತ್ತೆ. ಕಾರಿನಿಂದ ಇಳಿದವರೇ ಒಂದು ಕಾಲನ್ನು ಕಲ್ಲುಬೆಂಚಿನ ಮೇಲಿಟ್ಟು, ಬಗ್ಗಿ, ಮೂಗನ್ನು ಮಂಡಿಗೆ ತಾಗಿಸಲು ಒದ್ದಾಡುತ್ತಿರುತ್ತಾರೆ. ಮೈ ಇನ್ನೂ ತಣ್ಣಗಿರುತ್ತೆ. ಅರ್ಧ ನಿಮಿಷ, ಒಂದು ನಿಮಿಷ ಹಾಗೇ ಹಿಡಿದು, ಆಮೇಲೆ ಓಟ ಶುರು. ನಮ್ಮ ಪಿ.ಟಿ. ಮೇಷ್ಟ್ರು ಶಾಲೆಯಲ್ಲಿ ಕಲಿಸಿದ್ದೂ ಇದನ್ನೇ.

ಹೀಗೆ ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲುವುದಕ್ಕೆ ಸ್ಟ್ಯಾಟಿಕ್ ಸ್ಟ್ರೆಚಿಂಗ್ ಅನ್ನುತ್ತಾರೆ. ಕೆನಡಾದ ಡೇವಿಡ್ ಬೆಮ್ ಮತ್ತು ಸಂಗಡಿಗರು ಈ ಬಗ್ಗೆ ಆಗಿರುವ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಕೊಟ್ಟರು. ಒಂದು ಸ್ನಾಯುವನ್ನು 60 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ, ಆಮೇಲಿನ ಬಲ, ನೆಗೆತದಂಥ ಪರೀಕ್ಷೆಗಳಲ್ಲಿ ಸರಾಸರಿ ಶೇ 4.6 ಇಳಿಕೆ. 60 ಸೆಕೆಂಡಿಗಿಂತ ಕಮ್ಮಿಯಾದರೆ ಇಳಿಕೆ ಶೇ 1.1 ಮಾತ್ರ. ಕೈಕಾಲು ಆಡಿಸುತ್ತಾ ಮಾಡುವ ಡೈನಮಿಕ್ ಸ್ಟ್ರೆಚಿಂಗ್‌ನಲ್ಲಿ ಉಲ್ಟಾ, ಶೇ 1.3 ಏರಿಕೆ. ಈ ಅಂಕಿಗಳನ್ನು ನಿಮ್ಮ 10 ಕಿಲೋಮೀಟರ್ ಟೈಮಿಗೆ ನೇರವಾಗಿ ಹಚ್ಚಿ ಲೆಕ್ಕ ಹಾಕಬೇಡಿ. ಅವು ಸ್ನಾಯುವಿನ ಬಲದ ಅಳತೆ, ಮೈದಾನದ ಟೈಮಿಂಗ್ ಚಿಪ್‌ನದಲ್ಲ. ಆದರೂ ಯಾವ ಕಡೆ ವಾಲಬೇಕು ಅನ್ನುವುದು ಗೊತ್ತಾಗುತ್ತೆ, ಅಲ್ವಾ?

ಇದರ ಹಿಂದೆ ಒಂದು ಸರಳ ಕಾರಣವೂ ಇದೆ. ಹಿಮ್ಮಡಿಯ ಹಿಂದೆ ಹಗ್ಗದ ಹಾಗೆ ಕೈಗೆ ಸಿಗುತ್ತಲ್ಲ, ಆ ಅಕಿಲಿಸ್ ಒಂದು ಸ್ಪ್ರಿಂಗು. ಪ್ರತಿ ಹೆಜ್ಜೆಯಲ್ಲೂ ಎಳೆದುಕೊಂಡು, ಮತ್ತೆ ಚಿಮ್ಮಿ, ನಮ್ಮನ್ನು ಪುಕ್ಕಟೆಯಾಗಿ ಮುಂದೆ ತಳ್ಳುತ್ತೆ. ಸ್ವಲ್ಪ ಬಿಗಿ ಇದ್ದರೇ ಅದು ಚೆನ್ನಾಗಿ ಚಿಮ್ಮುವುದು. ಎಳೆದೂ ಎಳೆದೂ ಜೋಲು ಬಿದ್ದ ರಬ್ಬರ್ ಬ್ಯಾಂಡಿನಿಂದ ಯಾರಾದರೂ ಕಲ್ಲು ಹೊಡೆಯುತ್ತಾರಾ? ಓಟಗಾರನ ಕಾಲು ನೃತ್ಯಗಾರ್ತಿಯ ಕಾಲಿನಷ್ಟು ಬಳುಕಬೇಕಾಗಿಲ್ಲ.

ಹಾಗಾಗಿ ಓಟಕ್ಕೆ ಮುಂಚೆ ನನ್ನ ಓಟು ಪೂರ್ತಿ ಡೈನಮಿಕ್ ಕಡೆಗೆ. ಐದು ನಿಮಿಷ ಬಿರುಸು ನಡಿಗೆ ಅಥವಾ ಮೆಲ್ಲನೆ ಓಟ. ಆಮೇಲೆ ಮರ ಹಿಡಿದುಕೊಂಡು ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ, ಅಡ್ಡಡ್ಡ ಹತ್ತು ಸಲ ಬೀಸುವುದು. ಉದ್ದ ಹೆಜ್ಜೆ ಇಟ್ಟು ಮಂಡಿ ಬಗ್ಗಿಸುತ್ತಾ ಹತ್ತು ಹೆಜ್ಜೆ. ಹಿಮ್ಮಡಿ ಹಿಂದೆ ಪಿರ್ರೆಗೆ ತಾಗುವ ಹಾಗೆ ಸ್ವಲ್ಪ ದೂರ, ಮಂಡಿ ಎತ್ತಿ ಸ್ವಲ್ಪ ದೂರ ಓಟ. ಕೊನೆಗೆ 20 ಸೆಕೆಂಡಿನ ಚುರುಕು ಓಟ ಮೂರು ಸಲ. ಎಲ್ಲ ಸೇರಿ ಹತ್ತು ನಿಮಿಷ. ಸೂರ್ಯನಮಸ್ಕಾರ ರೂಢಿ ಇರುವವರು ಬೇರೇನೂ ಕಲಿಯಬೇಕಾಗಿಲ್ಲ. ಉಸಿರಿನ ಜೊತೆ ನಿಲ್ಲಿಸದೆ ನಾಲ್ಕಾರು ಸುತ್ತು ಹಾಕಿದರೆ ಅದೇ ಒಳ್ಳೆ ವಾರ್ಮ್ ಅಪ್. ಒಂದೊಂದು ಆಸನದಲ್ಲೂ ನಿಂತುಬಿಟ್ಟರೆ ಮಾತ್ರ ಅದು ಮತ್ತೆ ಸ್ಟ್ಯಾಟಿಕ್ ಲೆಕ್ಕಕ್ಕೆ ಹೋಗುತ್ತೆ.

ದೊಡ್ಡ ರೇಸುಗಳಲ್ಲಿ ಒಂದು ತಾಪತ್ರಯ ಇದೆ. ಬೆಂಗಳೂರಿನ ವರ್ಲ್ಡ್ 10ಕೆ ಓಡಿದವರಿಗೆ ಗೊತ್ತು. ಹೊರಗೆ ಚೆನ್ನಾಗಿ ವಾರ್ಮ್ ಅಪ್ ಮಾಡಿ ಒಳಗೆ ಹೋಗಿ ನಿಂತರೆ, ಕುರಿಮಂದೆಯ ಹಾಗೆ ಒತ್ತಿಕೊಂಡು ಇಪ್ಪತ್ತು ಮೂವತ್ತು ನಿಮಿಷ ಕಾಯಬೇಕು. ಮೈ ಮತ್ತೆ ತಣ್ಣಗಾಗುತ್ತೆ. ಅಲ್ಲಿ ಕಾಲು ಬೀಸಲು ಹೋದರೆ ಪಕ್ಕದವರ ಮೊಣಕಾಲಿಗೆ ಬೀಳುತ್ತೆ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ನಿಂತಲ್ಲೇ ಮಂಡಿ ಎತ್ತಿ ಹೆಜ್ಜೆ ಹಾಕುವುದು, ಇಷ್ಟು ಸಾಕು. ಸುಮ್ನೆ ನಿಂತು ಸೆಲ್ಫಿ ತೆಗೆಯುವುದಕ್ಕಿಂತ ವಾಸಿ.

ಸಂಜೆಯ ಸ್ಟ್ರೆಚಿಂಗ್ ಯಾರಿಗೆ ಬೇಕು

ಓಟ ಆದ ಮೇಲೆ ಸ್ಟ್ರೆಚ್ ಮಾಡಿದರೆ ನಾಳೆ ನೋವಿರಲ್ಲ ಅನ್ನುವುದು ಎರಡನೇ ನಂಬಿಕೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರನ್ ಸಂಸ್ಥೆಯ 2011ರ ವಿಮರ್ಶೆ 12 ಪ್ರಯೋಗಗಳನ್ನು ನೋಡಿ ಹೇಳಿದ್ದು ಇಷ್ಟು: ಓಟಕ್ಕೆ ಮುಂಚೆ ಮಾಡಿ, ಆಮೇಲೆ ಮಾಡಿ, ಎರಡೂ ಹೊತ್ತು ಮಾಡಿ, ನೋವಿನಲ್ಲಿ ಆಗುವ ವ್ಯತ್ಯಾಸ ನಮಗೆ ಗೊತ್ತೇ ಆಗದಷ್ಟು ಸಣ್ಣದು. ನೂರಕ್ಕೆ ಅರ್ಧದಿಂದ ನಾಲ್ಕು ಅಂಕ ಅಂದುಕೊಳ್ಳಿ. ಗಾಯ ತಪ್ಪಿಸುವ ವಿಚಾರವೂ ಹೀಗೇ. ಆಸ್ಟ್ರೇಲಿಯಾದಲ್ಲಿ ಸೈನ್ಯಕ್ಕೆ ಸೇರಿದ 1,538 ಹುಡುಗರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ತಾಲೀಮಿಗೆ ಮುಂಚೆ ಕಾಲಿನ ಸ್ನಾಯುಗಳನ್ನು ಎಳೆಸಿದರು. ಇದು 2000ದಲ್ಲಿ ಪ್ರಕಟವಾದ ಅಧ್ಯಯನ. ಗಾಯಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಫರಕು ಬರಲಿಲ್ಲ.

ಹಾಗಾದರೆ ಬಿಟ್ಟೇ ಬಿಡೋಣವಾ? ಎಲ್ಲರೂ ಬಿಡಬೇಕಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಚಪ್ಪಲಿ ಬಿಚ್ಚಿ, ಹಿಮ್ಮಡಿ ನೆಲಕ್ಕೆ ಪೂರ್ತಿ ಊರಿ, ಕುಕ್ಕರಗಾಲಿನಲ್ಲಿ ಕೂರಿ. ನಮ್ಮ ಅಜ್ಜ ಅಜ್ಜಿಯರು ಹೀಗೇ ಕೂತು ಗಂಟೆಗಟ್ಟಲೆ ಸೊಪ್ಪು ಬಿಡಿಸುತ್ತಿದ್ದರು. ನೀವು ಹಿಂದಕ್ಕೆ ಬೀಳುತ್ತೀರಾ? ಹಿಮ್ಮಡಿ ಮೇಲೇಳುತ್ತಾ? ಹಾಗಿದ್ದರೆ ಪಾದದ ಕೀಲು, ಮೀನಖಂಡ ಎರಡೂ ಬಿಗಿ ಇರುವ ಸಾಧ್ಯತೆ ಜಾಸ್ತಿ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಸೊಂಟದ ಮುಂಭಾಗವೂ ಹಿಡಿದುಕೊಂಡಿರುತ್ತೆ. ಇಂಥವರು ಸಂಜೆ ಹೊತ್ತು, ಮೈ ಬೆಚ್ಚಗಿದ್ದಾಗ, ವಾರಗಟ್ಟಲೆ ಮಾಡಿದರೆ ನಿಜಕ್ಕೂ ಸಡಿಲವಾಗುತ್ತೆ. ಒಂದೊಂದಕ್ಕೂ 30 ಸೆಕೆಂಡ್, ಎರಡೆರಡು ಸಲ. ಎಳೆತ ಗೊತ್ತಾಗಬೇಕು, ಮುಖ ಕಿವುಚಬಾರದು.

ಮೀನಖಂಡದಲ್ಲಿ ಎಷ್ಟೋ ಜನ ಅರ್ಧ ಕೆಲಸ ಮಾತ್ರ ಮಾಡುತ್ತಾರೆ. ಗೋಡೆಗೆ ಕೈಕೊಟ್ಟು, ಹಿಂದಿನ ಕಾಲು ನೆಟ್ಟಗಿಟ್ಟು ಎಳೆಯುವುದು ಎಲ್ಲರಿಗೂ ಗೊತ್ತು. ಅದು ಮೇಲಿನ ದಪ್ಪ ಸ್ನಾಯುವಿಗೆ. ಅದರ ಅಡಿಯಲ್ಲಿ ಸೋಲಿಯಸ್ ಅಂತ ಇನ್ನೊಂದಿದೆ. ಉದ್ದ ಓಟದಲ್ಲಿ ಜಾಸ್ತಿ ದುಡಿಯುವುದು ಅದೇ. ಅದಕ್ಕೆ ಎಳೆತ ಸಿಗಬೇಕಾದರೆ, ಅದೇ ಭಂಗಿಯಲ್ಲಿ ಹಿಂದಿನ ಮಂಡಿಯನ್ನು ಸ್ವಲ್ಪ ಬಗ್ಗಿಸಬೇಕು. ಎಳೆತ ತಟ್ಟನೆ ಕೆಳಗೆ, ಹಿಮ್ಮಡಿ ಕಡೆಗೆ ಜಾರುವುದು ಗೊತ್ತಾಗುತ್ತೆ. ಈಗಲೇ ಎದ್ದು ಮಾಡಿ ನೋಡಬಹುದು.

ಸ್ಟ್ಯಾಟಿಕ್ ಸ್ಟ್ರೆಚ್ ಕೈ ಬಿಡದೆ ಕಾಪಾಡುವ ಜಾಗವೂ ಒಂದಿದೆ. ಓಡುವಾಗ ಮೀನಖಂಡಕ್ಕೆ ಸೆಳೆತ ಬಂದು ಗಂಟು ಕಟ್ಟಿದರೆ, ನಿಂತು, ಪಾದದ ಬೆರಳುಗಳನ್ನು ನಿಮ್ಮ ಕಡೆ ಎಳೆದು ಹಿಡಿಯಿರಿ. ಸೆಳೆತ ಬಿಡಿಸಲು ಇದಕ್ಕಿಂತ ಬೇಗನೆ ಕೆಲಸ ಮಾಡುವುದು ಇನ್ನೊಂದಿಲ್ಲ. ದಾರಿಯಲ್ಲಿ ಸ್ವಯಂಸೇವಕರು ಹೊಡೆಯುವ ಸ್ಪ್ರೇ ಚರ್ಮವನ್ನು ತಣ್ಣಗೆ ಮಾಡುತ್ತೆ, ಮನಸ್ಸಿಗೂ ಸ್ವಲ್ಪ ಸಮಾಧಾನ. ಗಂಟು ಬಿಡಿಸುವ ಕೆಲಸ ಅದರದ್ದಲ್ಲ.

ಮಾಲೀಶು: ಅಮ್ಮನ ಎಣ್ಣೆಯಿಂದ ಮೊಣಕೈವರೆಗೆ

ನಮ್ಮಲ್ಲಿ ಮಾಲೀಶು ಹೊಸದೇನಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಎಣ್ಣೆ ಹಚ್ಚಿ ಮೈ ತಿಕ್ಕುತ್ತಿದ್ದರು. ದೀಪಾವಳಿಯ ಎಣ್ಣೆಸ್ನಾನವಂತೂ ಮನೆಮನೆಯದ್ದು. ನನ್ನ ಮೊದಲ ಹಾಫ್ ಮ್ಯಾರಥಾನ್ ಮುಗಿದ ದಿನ ಅಮ್ಮ ಹೇಳಿದ್ದು ಒಂದೇ ಮಾತು: "ಎಣ್ಣೆ ಹಚ್ಕೊಂಡು ಬಿಸಿನೀರು ಹಾಕ್ಕೋ, ಎಲ್ಲಾ ಸರಿ ಹೋಗತ್ತೆ." ಆಗ ನಕ್ಕಿದ್ದೆ. ಈಗ ಓದಿಕೊಂಡ ಮೇಲೆ ಅನ್ನಿಸುವುದು, ಅಮ್ಮ ಮುಕ್ಕಾಲು ಪಾಲು ಸರಿ.

ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 29 ಅಧ್ಯಯನಗಳನ್ನು, ಒಟ್ಟು 1,012 ಜನರ ಲೆಕ್ಕವನ್ನು ಸೇರಿಸಿ 2020ರಲ್ಲಿ ಫಲಿತಾಂಶ ಕೊಟ್ಟರು. ಮಸಾಜಿನಿಂದ ಬಲ ಏರಲಿಲ್ಲ. ವೇಗ ಏರಲಿಲ್ಲ. ದಮ್ಮು ಏರಲಿಲ್ಲ. ಮೈ ಸ್ವಲ್ಪ ಸಡಿಲವಾಯಿತು, ಮಾರನೇ ದಿನದ ನೋವು ಸ್ವಲ್ಪ ಇಳಿಯಿತು. ಅಷ್ಟೇ. 2018ರಲ್ಲಿ ಫ್ರಾನ್ಸಿನವರು ಮಾಡಿದ ಇನ್ನೊಂದು ದೊಡ್ಡ ಹೋಲಿಕೆಯಲ್ಲಿ ಮಸಾಜ್, ಐಸ್ ನೀರು, ಬಿಗಿ ಕಾಲುಚೀಲ, ಸ್ಟ್ರೆಚಿಂಗ್ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನೋವು, ಸುಸ್ತು ಎರಡನ್ನೂ ಕಮ್ಮಿ ಮಾಡುವುದರಲ್ಲಿ ಮಸಾಜ್ ಮೊದಲು ಬಂತು. ಸ್ಟ್ರೆಚಿಂಗ್‌ನಿಂದ ಉಪಯೋಗ ಕಾಣಲಿಲ್ಲ.

ಹಾಗಾಗಿ ನೇರ ಹೋಲಿಕೆಗೆ ಬಂದರೆ: ನೋವು ಇಳಿಸಲು ಬೇಕು ಅಂದರೆ ಸ್ಟ್ರೆಚಿಂಗ್‌ಗಿಂತ ಮಾಲೀಶು ಮೇಲು. ವೇಗ ಬೇಕು ಅಂದರೆ ಎರಡೂ ಕೊಡಲ್ಲ, ಅದಕ್ಕೆ ಓಡಬೇಕು.

ಇನ್ನು ಯಾವ ಮಾಲೀಶು? ನಾಲ್ಕು ಥರ ನಾನು ಮಾಡಿಸಿದ್ದೇನೆ. ಮನೆಯಲ್ಲಿ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆಚ್ಚಗೆ ಮಾಡಿ ನಾವೇ ನೀವಿಕೊಳ್ಳುವುದು ಅತಿ ಅಗ್ಗ, ಅತಿ ಸೇಫು. ಪಾದದಿಂದ ಮೇಲಕ್ಕೆ, ಅಂಗೈಯಿಂದ, ಹತ್ತು ನಿಮಿಷ. ರೇಸಿನ ಹಿಂದಿನ ರಾತ್ರಿಯೂ ಮಾಡಬಹುದು. ಎಣ್ಣೆ ಯಾವುದಾದರೂ ನಡೆಯುತ್ತೆ, ಕೆಲಸ ಮಾಡುವುದು ಕೈ. ಬೆಳಿಗ್ಗೆ ಅಂಗಾಲಿನ ಜಿಡ್ಡು ಪೂರ್ತಿ ತೊಳೆದು ಕಾಲುಚೀಲ ಹಾಕಿ, ಇಲ್ಲದಿದ್ದರೆ ಪಾದ ಶೂ ಒಳಗೆ ಜಾರಿ ಬೊಬ್ಬೆ ಏಳುತ್ತೆ.

ಆಯುರ್ವೇದದ ಅಭ್ಯಂಗ ಹಾಯಾಗಿರುತ್ತೆ, ನಿದ್ದೆ ಬರುತ್ತೆ. ಒಂದೂವರೆ ಗಂಟೆ ಬೇಕು, ಆಮೇಲೆ ಆ ದಿನ ಓಡುವ ಮನಸ್ಸಾಗಲ್ಲ. ವಿಶ್ರಾಂತಿಯ ದಿನಕ್ಕೆ ಇಟ್ಟುಕೊಳ್ಳಿ.

ಸ್ಪೋರ್ಟ್ಸ್ ಮಸಾಜ್ ಅಂದರೆ ಕಾಲು, ಸೊಂಟಕ್ಕೇ ಗಮನ ಕೊಟ್ಟು, ನಿಮ್ಮ ಓಟದ ವಾರ ನೋಡಿಕೊಂಡು ಒತ್ತಡ ಹೆಚ್ಚು ಕಮ್ಮಿ ಮಾಡುವುದು. ಬೆಂಗಳೂರಿನಲ್ಲಿ ನಾನು ಗಂಟೆಗೆ 1,500ರಿಂದ 2,500 ರೂಪಾಯಿವರೆಗೆ ಕೊಟ್ಟಿದ್ದೇನೆ. ಡೀಪ್ ಟಿಶ್ಯೂ ಇದರ ದೊಡ್ಡಣ್ಣ. ಹಳೇ ಬಿಗಿತ ಇರುವ ಕಡೆ ನಿಧಾನವಾಗಿ, ಆಳಕ್ಕೆ ಒತ್ತುತ್ತಾರೆ. ಒಳ್ಳೆ ಕೈಯಲ್ಲಿ ಇದು ನಿಜಕ್ಕೂ ಚೆನ್ನಾಗಿರುತ್ತೆ. ಆದರೆ ಎರಡು ಮೂರು ದಿನ ಕಾಲು ಹಣ್ಣಾಗಿರುತ್ತೆ ಅಂತ ಮೊದಲೇ ಒಪ್ಪಿಕೊಂಡು ಹೋಗಬೇಕು.

ಬೋರ್ಡಿಗಿಂತ ಮಾಡುವವರು ಯಾರು ಅನ್ನುವುದು ಮುಖ್ಯ. ಈಗ ನಾನು ಹೋಗುವ ಫಿಸಿಯೋ ಬಿ.ಪಿ.ಟಿ. (ಫಿಸಿಯೋಥೆರಪಿ ಪದವಿ) ಓದಿದ ಹೆಣ್ಣುಮಗಳು. ಮೊದಲ ದಿನ ಮೇಜಿನ ಮೇಲೆ ಮಲಗಿಸುವ ಮುಂಚೆ ಹದಿನೈದು ನಿಮಿಷ ಬರೀ ಪ್ರಶ್ನೆ. ರೇಸ್ ಯಾವಾಗ? ಈ ವಾರ ಎಷ್ಟು ಓಡಿದ್ರಿ? ನೋವು ಶುರುವಿನಲ್ಲೋ, ಕೊನೆಯಲ್ಲೋ? ಆಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿದರು. ಒತ್ತುವಾಗ "ಹತ್ತಕ್ಕೆ ಎಷ್ಟು ನೋವು?" ಅಂತ ಕೇಳುತ್ತಲೇ ಇದ್ದರು. ಆರು ದಾಟಿದರೆ ಕೈ ಹಗುರ ಮಾಡುತ್ತಿದ್ದರು. ಪ್ರಶ್ನೆಯೇ ಕೇಳದೆ ಎಣ್ಣೆ ಸುರಿಯುವವರ ಹತ್ತಿರ ರೇಸಿನ ತಿಂಗಳಲ್ಲಿ ಹೋಗಬೇಡಿ.

ರೋಲರ್, ಗನ್, ಲಟ್ಟಣಿಗೆ

ಫೋಮ್ ರೋಲರ್ ಬಡವರ ಮಸಾಜ್. ನನ್ನದಕ್ಕೆ 700 ರೂಪಾಯಿ ಆಯಿತು, ನಾಲ್ಕು ವರ್ಷದಿಂದ ಹಾಗೇ ಇದೆ. ಓಟಕ್ಕೆ ಮುಂಚೆ ಒಂದೊಂದು ಸ್ನಾಯುವಿಗೆ 30ರಿಂದ 60 ಸೆಕೆಂಡ್ ಉರುಳಿಸಿದರೆ ಸಡಿಲವಾಗುತ್ತೆ, ಉದ್ದ ಸ್ಟ್ಯಾಟಿಕ್ ಸ್ಟ್ರೆಚ್‌ನ ಹಾಗೆ ಬಲ ಇಳಿಸಲ್ಲ. ಅದೇ ಇದರ ದೊಡ್ಡ ಅನುಕೂಲ. ತೊಡೆಯ ಮುಂಭಾಗ, ಹಿಂಭಾಗಕ್ಕೆ ಚೆನ್ನಾಗಿ ಕೂರುತ್ತೆ. ಮೀನಖಂಡಕ್ಕೆ ನಮ್ಮ ತೂಕ ಸರಿಯಾಗಿ ಬೀಳಲ್ಲ.

ಅಲ್ಲಿಗೆ ಲಟ್ಟಣಿಗೆ. ತಮಾಷೆ ಅಲ್ಲ, ಚಪಾತಿ ಲಟ್ಟಿಸುವುದೇ. ಕುರ್ಚಿ ಮೇಲೆ ಕೂತು, ಕಾಲು ಮಡಚಿ, ಎರಡು ಕೈಯಿಂದ ಹಿಮ್ಮಡಿಯ ಮೇಲಿನಿಂದ ಮಂಡಿಯ ಕೆಳಗಿನವರೆಗೆ ಲಟ್ಟಿಸುವುದು. ಒತ್ತಡ ಪೂರ್ತಿ ನಮ್ಮ ಕೈಯಲ್ಲಿರುತ್ತೆ. ಮನೆಯವಳು ಒಂದು ದಿನ ಹಿಟ್ಟು ಕಲಸಿಟ್ಟು ಲಟ್ಟಣಿಗೆ ಹುಡುಕಿ, ಅದು ನನ್ನ ಓಟದ ಬ್ಯಾಗಿನಲ್ಲಿ ಸಿಕ್ಕಿ, ದೊಡ್ಡ ರಾದ್ಧಾಂತವಾಯಿತು. ನೂರು ರೂಪಾಯಿ ಕೊಟ್ಟು ಇನ್ನೊಂದು ತಗೊಳ್ಳಿ, ಮನೆಯಲ್ಲಿ ಶಾಂತಿ ಇರುತ್ತೆ. ಅಂಗಾಲಿಗೆ ಟೆನಿಸ್ ಬಾಲ್, ಅಥವಾ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ನೀರಿನ ಬಾಟಲಿ.

ಸ್ನಾಯುವಿನ ಮೇಲೆ ಟಪಟಪ ಬಡಿಯುವ ಯಂತ್ರ, ಮಸಾಜ್ ಗನ್, ಮೂರು ಸಾವಿರದ್ದೂ ಇದೆ, ಮೂವತ್ತು ಸಾವಿರದ್ದೂ ಇದೆ. ಸ್ನೇಹಿತನದ್ದು ಆರು ತಿಂಗಳು ಬಳಸಿದೆ. ಟಿವಿ ನೋಡುತ್ತಾ ಮಾಡಿಕೊಳ್ಳಬಹುದು, ಆ ಸೋಮಾರಿತನದ ಸುಖ ಒಂದು ಬಿಟ್ಟರೆ ರೋಲರ್ ಕೊಡದ್ದು ಏನೂ ಕೊಡಲಿಲ್ಲ. ಮೂಳೆಯ ಮೇಲೆ, ಮಂಡಿಯ ಹಿಂದಿನ ಗುಳಿಯಲ್ಲಿ, ಕತ್ತಿನ ಮುಂಭಾಗದಲ್ಲಿ ಇಡಲೇಬಾರದು. ಎರಡರಲ್ಲಿ ಒಂದು ಅಂದರೆ ನಾನು ರೋಲರ್ ಅನ್ನುತ್ತೇನೆ, ಉಳಿದ ದುಡ್ಡು ಶೂಗೆ.

ಯಾವುದೂ ಬೇಡದ ನೋವುಗಳು

ಇಲ್ಲಿ ಸ್ವಲ್ಪ ಗಂಭೀರವಾಗಿ ಓದಿ. ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒತ್ತಲೇಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಹೀಗಾಗಬಹುದು. ಒತ್ತಿದರೆ ಆ ಹೆಪ್ಪು ಕದಲಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ದೂರದ ಬಸ್ಸು, ವಿಮಾನ ಪ್ರಯಾಣದ ನಂತರ ಇನ್ನೂ ಹುಷಾರು. ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಮೇಲೆ ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ನೋವು, ಓಡಿದಷ್ಟೂ ಏರುತ್ತೆ, ರಾತ್ರಿ ಮಲಗಿದರೂ ಇರುತ್ತೆ ಅಂದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಅದಕ್ಕೆ ಮಾಲೀಶೂ ಇಲ್ಲ, ಸ್ಟ್ರೆಚಿಂಗೂ ಇಲ್ಲ, ಓಟವೂ ಇಲ್ಲ.

ಓಡುವಾಗ ಪಟ್ ಅಂತ ಹೊಡೆದ ಹಾಗಾಗಿ ಸ್ನಾಯು ಹರಿದಿದ್ದರೆ, ಮೊದಲ ಕೆಲವು ದಿನ ಎಳೆಯಲೂಬಾರದು, ತಿಕ್ಕಲೂಬಾರದು. "ನರ ಹಿಡ್ಕೊಂಡಿದೆ, ಎಳೆದು ಬಿಡಿಸ್ತೀನಿ" ಅನ್ನುವವರಿಂದ ದೂರ ಇರಿ.

ಮಂಡಿಯ ಹೊರಬದಿ ನೋವಿಗೆ ಎಲ್ಲರೂ ತೊಡೆಯ ಪಕ್ಕದ ಐಟಿ ಬ್ಯಾಂಡ್ ಮೇಲೆ ರೋಲರ್ ಹಾಕಿ ಹಲ್ಲು ಕಚ್ಚುತ್ತಾರೆ. ಅದು ದಪ್ಪ ಪಟ್ಟಿ, ರೋಲರಿಗೆ ಜಗ್ಗಿ ಉದ್ದವಾಗುವ ಜಾತಿಯದ್ದಲ್ಲ. ಅಲ್ಲಿ ಸುಮ್ನೆ ನೋವು ತಿನ್ನುವ ಬದಲು ಸೊಂಟದ ಪಕ್ಕದ ಸ್ನಾಯುಗಳಿಗೆ ಬಲ ಕೊಡಿ.

ದುಡ್ಡು, ಟೈಮು ಎರಡೂ ಕಮ್ಮಿ ಇದ್ದರೆ

ಆಗ ನಾನು ಈ ಪಟ್ಟಿಯಿಂದಲೇ ಹೊರಗೆ ಹೋಗಿ, ವಾರಕ್ಕೆ ಎರಡು ದಿನ ಬಲ ಬೆಳೆಸುವ ವ್ಯಾಯಾಮ ಮಾಡಿ ಅನ್ನುತ್ತೇನೆ. 2014ರಲ್ಲಿ ಡೆನ್ಮಾರ್ಕಿನವರು 25 ಪ್ರಯೋಗಗಳ, 26,610 ಜನರ ಲೆಕ್ಕ ನೋಡಿದಾಗ, ಬಲದ ವ್ಯಾಯಾಮದಿಂದ ಕ್ರೀಡಾ ಗಾಯಗಳು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿದ್ದವು. ಸ್ಟ್ರೆಚಿಂಗ್‌ನಿಂದ ಏನೂ ಆಗಿರಲಿಲ್ಲ. ಮೆಟ್ಟಿಲ ಅಂಚಿನಲ್ಲಿ ನಿಂತು ಎರಡೂ ಕಾಲಲ್ಲಿ ಮೇಲೇಳಿ, ಒಂಟಿ ಕಾಲಲ್ಲಿ ನಿಧಾನವಾಗಿ ಹಿಮ್ಮಡಿ ಇಳಿಸುವುದು, ಹದಿನೈದು ಸಲ ಮೂರು ಸುತ್ತು. ಅದರ ಜೊತೆ ನಮ್ಮ ಹಳೇ ಬಸ್ಕಿ. ನನ್ನ ಕಲ್ಲಿನಂಥ ಮೀನಖಂಡ ಮೆತ್ತಗಾದದ್ದು ಕೊನೆಗೂ ಇದರಿಂದಲೇ. ಬಿಗಿ ಅಂತ ನಾನು ಅಂದುಕೊಂಡಿದ್ದು ಬಲ ಸಾಲದೆ ದಣಿದ ಸ್ನಾಯು ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಆದರೆ ರೇಸಿಗೆ ಎರಡು ವಾರ ಇರುವಾಗ ಇದನ್ನು ಹೊಸದಾಗಿ ಶುರು ಮಾಡಬೇಡಿ. ಬಸ್ಕಿಯ ನೋವು ಏನು ಅಂತ ಗೊತ್ತಲ್ಲ?

ಕೊನೆಯ ಹದಿನಾಲ್ಕು ದಿನ

ಮುಂಬಯಿ ಮ್ಯಾರಥಾನನ್ನು ಇಟ್ಟುಕೊಂಡು ಹೇಳುತ್ತೇನೆ. ಜನವರಿಯ ಮೂರನೇ ಭಾನುವಾರ ಅದು. ಬೆಂಗಳೂರಿನಿಂದ ಪ್ರತಿ ವರ್ಷ ಗುಂಪುಗುಂಪಾಗಿ ಹೋಗುತ್ತೇವೆ.

ಹತ್ತರಿಂದ ಹದಿನಾಲ್ಕು ದಿನ ಇರುವಾಗ, ಉದ್ದ ಓಟಗಳೆಲ್ಲ ಮುಗಿದಿರುತ್ತವೆ. ಡೀಪ್ ಟಿಶ್ಯೂ ಬೇಕಿದ್ದರೆ ಅದಕ್ಕೆ ಇದೇ ಕೊನೆಯ ಬಸ್ಸು. ಐದಾರು ದಿನ ಇರುವಾಗ ಮಧ್ಯಮ ಒತ್ತಡದ ಸ್ಪೋರ್ಟ್ಸ್ ಮಸಾಜ್, ಅದೂ ಈಗಾಗಲೇ ಎರಡು ಮೂರು ಸಲ ಮಾಡಿಸಿ ನಿಮ್ಮ ಕಾಲು ಹೇಗೆ ತಗೊಳ್ಳುತ್ತೆ ಅಂತ ಗೊತ್ತಿದ್ದರೆ ಮಾತ್ರ. ಮೊದಲ ಸಲದ ಪ್ರಯೋಗ ರೇಸಿನ ವಾರದಲ್ಲಿ ಬೇಡವೇ ಬೇಡ. ಕೊನೆಯ ಮೂರು ದಿನ ಮನೆಯ ಎಣ್ಣೆ, ಹಗುರ ರೋಲರ್, ಕೈಕಾಲು ಆಡಿಸುವುದು, ಇಷ್ಟೇ. ಹೊಸ ಯೋಗ ಕ್ಲಾಸಿಗೆ ಸೇರುವುದೂ ಈಗ ಬೇಡ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಹತ್ತಿರ ಹತ್ತಿರ ಒಂದು ದಿನ ರೈಲಿನಲ್ಲಿರುತ್ತೀರಿ. ಕೂತೇ ಇದ್ದರೆ ಸೊಂಟ, ಮೀನಖಂಡ ಎಲ್ಲ ಹಿಡಿಯುತ್ತೆ. ಗಂಟೆಗೊಂದು ಸಲ ಎದ್ದು ಬೋಗಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ, ಹಿಮ್ಮಡಿ ಎತ್ತಿ ಇಳಿಸಿ. ಟಿ.ಟಿ.ಇ. ವಿಚಿತ್ರವಾಗಿ ನೋಡಿದರೆ ನೋಡಲಿ.

ರೇಸಿನ ಬೆಳಿಗ್ಗೆ ಮೇಲೆ ಹೇಳಿದ ಹತ್ತು ನಿಮಿಷದ ವಾರ್ಮ್ ಅಪ್ ಸಾಕು. ಫುಲ್ ಮ್ಯಾರಥಾನಿಗಾದರೆ ಚುರುಕು ಓಟ ಬಿಟ್ಟುಬಿಡಿ, ಮೊದಲ ಎರಡು ಕಿಲೋಮೀಟರೇ ನಿಧಾನವಾಗಿ ಓಡಿದರೆ ಅದೇ ವಾರ್ಮ್ ಅಪ್. ಉಳಿಸಿದ ಶಕ್ತಿ ವಾಪಸ್ ಬರುವಾಗ, 35 ಕಿಲೋಮೀಟರ್ ಸುಮಾರಿಗೆ ಪೆಡ್ಡರ್ ರೋಡಿನ ಏರಿನಲ್ಲಿ ಬೇಕಾಗುತ್ತೆ.

ಮುಗಿದ ಮೇಲೆ ಹದಿನೈದು ನಿಮಿಷ ನಡೆದಾಡಿ. ಹಗುರ ಮಸಾಜ್ ಸಿಕ್ಕರೆ ಮಾಡಿಸಿಕೊಳ್ಳಿ. ಬ್ರೆಜಿಲ್‌ನಲ್ಲಿ ಐರನ್‌ಮ್ಯಾನ್ (ಈಜು, ಸೈಕಲ್, ಓಟ ಮೂರೂ ಇರುವ ಉದ್ದ ರೇಸ್) ಮುಗಿಸಿದ 74 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಬರೀ 7 ನಿಮಿಷದ ಮಸಾಜಿಗೇ ತೊಡೆ ನೋವು ಇಳಿದಿತ್ತು. ಜೋರು ಒತ್ತಡಕ್ಕೆ ಮಾತ್ರ ಮೂರು ನಾಲ್ಕು ದಿನ ಕಾಯಿರಿ.

ಮತ್ತೆ, ವಾಪಸ್ ಟಿಕೆಟ್ ಮಾಡಿಸುವಾಗ ಲೋವರ್ ಬರ್ತ್ ಕೇಳಿ. ನನಗೆ ಮೊದಲ ವರ್ಷ ಅಪ್ಪರ್ ಸಿಕ್ಕಿತ್ತು. ಏಣಿಯ ಎರಡನೇ ಮೆಟ್ಟಿಲಿಗೆ ಕಾಲೆತ್ತಲು ಆಗದೆ ಒದ್ದಾಡುತ್ತಿದ್ದಾಗ ಕೆಳಗಿನ ಅಜ್ಜಿ, "ಏನಪ್ಪಾ, ಎಲ್ಲಾದ್ರೂ ಬಿದ್ದ್ಯಾ?" ಅಂದರು. 42 ಕಿಲೋಮೀಟರ್ ಓಡಿದೆ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಚೀಲದಿಂದ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ತೆಗೆದು, "ತಗೋ, ಹಚ್ಕೋ. ಜೋರಾಗಿ ತಿಕ್ಬೇಡ" ಅಂದರು.